ಸಮನ್ವಯ ಸಭೆಯೂ ಫೀಲ್ಡ್‌ಮನ್ ಡೈರಿಯೂ

ಬೆಳಗಾವಿ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ 32 ವರ್ಷ ಎಎನ್‌ಎಂ (ಹಳ್ಳಿಗಳ ಕಿರಿಯ ಆರೋಗ್ಯ ಸಹಾಯಕಿ) ಆಗಿ ಕೆಲಸ ಮಾಡಿ 2021ರಲ್ಲಿ ನಿವೃತ್ತಳಾದ ನಾನು, ಆ ಅವಧಿಯಲ್ಲಿ ಕೂತೆದ್ದ 'ಇಲಾಖೆಗಳ ಸಮನ್ವಯ ಸಭೆ'ಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಒಂದು ಸಭೆ ಮಾತ್ರ ಇವತ್ತಿಗೂ ಚೆನ್ನಾಗಿ ನೆನಪಿದೆ. ನನ್ನ ಆರೋಗ್ಯ ಉಪಕೇಂದ್ರದ ಒಂದು ಊರಿನಲ್ಲಿ 41 ಗರ್ಭಿಣಿಯರಿದ್ದಾರೆ ಎಂದು ನಾನು ಓದಿದೆ. ಅದೇ ಊರಿನ ಲೆಕ್ಕವನ್ನು ಅಂಗನವಾಡಿ ಮೇಲ್ವಿಚಾರಕಿಯವರು 34 ಎಂದು ಓದಿದರು. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿಗಳು ಇಬ್ಬರನ್ನೂ ಒಮ್ಮೆ ದಿಟ್ಟಿಸಿ ನೋಡಿ, "ಹೊಂದಿಸಿಕೊಂಡು ಬರ್ರಿ" ಎಂದರು. ಮುಂದಿನ ತಿಂಗಳು ನಾವಿಬ್ಬರೂ 38 ಎಂದು ಓದಿದೆವು, ಸಭೆಗೆ ಸಮಾಧಾನವಾಯಿತು, ಚಹಾ ಬಂತು.

ನಿಜ ಹೇಳಬೇಕೆಂದರೆ ಮೊದಲಿನ ಎರಡೂ ಅಂಕಿಗಳು ಸರಿಯಿದ್ದವು, ಹೊಂದಿಸಿದ ಅಂಕಿಯೊಂದೇ ಸುಳ್ಳು. ನಾನು ಊರಿನ ಸೊಸೆಯಂದಿರ ಜೊತೆಗೆ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದ ಮಗಳಂದಿರನ್ನೂ ಬರೆದುಕೊಳ್ಳುತ್ತಿದ್ದೆ. ಅಂಗನವಾಡಿಯವರು ತಮ್ಮ ಸಮೀಕ್ಷೆಯ ಮನೆಗಳಲ್ಲಿ ಇದ್ದು ಆಹಾರ ಪಡೆಯುವವರನ್ನು ಮಾತ್ರ ಎಣಿಸುತ್ತಿದ್ದರು. ಆ ಏಳು ಮಂದಿ ಯಾರು, ಯಾವ ಊರಿನವರು, ಅವರಿಗೆ ತವರಿನಲ್ಲಿ ಊಟ ಸಿಗುತ್ತಿದೆಯೇ ಎಂದು ಕೇಳಿದ್ದರೆ ಸಭೆಯಿಂದ ಏನಾದರೂ ಉಪಯೋಗವಾಗುತ್ತಿತ್ತು. ವ್ಯತ್ಯಾಸ ಎಂಬುದು ತಿದ್ದಿ ಅಳಿಸಬೇಕಾದ ತಪ್ಪು ಎಂದು ತಿಳಿದಿದ್ದರಿಂದ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹಲವರು ಕೂಡಿ ಮಾಡಿದ ಕೆಲಸ ನಿಜಕ್ಕೂ ಕೈಗೂಡಿದ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. ಹೆರಿಗೆಯ ನಂತರದ ರಕ್ತಸ್ರಾವ ತಾಯಂದಿರ ಸಾವಿಗೆ ದೊಡ್ಡ ಕಾರಣ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ವಿದ್ಯುತ್ತು ಹೇಳದೆ ಕೇಳದೆ ಹೋಗುತ್ತಿದ್ದ ಹಳ್ಳಿಗಳಲ್ಲಿ, ಮನೆಯ ಒಳಕೋಣೆಯಲ್ಲಿ ನಡೆಯುವ ಹೆರಿಗೆಗೆ ಅದನ್ನು ಒಯ್ಯುವುದು ಹೇಗೆ? 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಹೆರಿಗೆಗಳು ನೂರಕ್ಕೆ 65ರಷ್ಟು ಮಾತ್ರ. ಉಳಿದವರೆಲ್ಲ ಸೂಲಗಿತ್ತಿಯರ ಇಲ್ಲವೇ ನಮ್ಮಂಥವರ ಕೈಯಲ್ಲಿ ಹೆರುತ್ತಿದ್ದರು. ಆಗ ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು, ಅಮೆರಿಕದ ಸಂಶೋಧಕರು ಮತ್ತು ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ (ಪಿಎಚ್‌ಸಿ) ಸಿಬ್ಬಂದಿ ಸೇರಿ, ತಂಪು ಬೇಡದ ಮಿಸೊಪ್ರೊಸ್ಟಾಲ್ ಗುಳಿಗೆಯನ್ನು ಪರೀಕ್ಷಿಸಿದರು. 2002ರಿಂದ 2005ರವರೆಗೆ 1,620 ತಾಯಂದಿರು ಅದರಲ್ಲಿ ಸೇರಿದ್ದರು. ಅರ್ಧ ಜನಕ್ಕೆ 600 ಮೈಕ್ರೊಗ್ರಾಮ್ ಔಷಧ, ಇನ್ನರ್ಧ ಜನಕ್ಕೆ ಅದೇ ರೂಪದ ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ನುಂಗಿದವರಿಗೂ ಗೊತ್ತಿರಲಿಲ್ಲ, ಕೊಟ್ಟ ಎಎನ್‌ಎಂಗೂ ಗೊತ್ತಿರಲಿಲ್ಲ. ರಕ್ತಸ್ರಾವವಾದವರ ಪ್ರಮಾಣ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಒಂದಿಷ್ಟು ಹೊತ್ತು ಚಳಿ, ಜ್ವರ ಬರುವುದೊಂದು ಅದರ ತೊಂದರೆ. 2006ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಮ್ಮ ಪಿಎಚ್‌ಸಿ ಆ ಅಧ್ಯಯನದಲ್ಲಿ ಇರಲಿಲ್ಲ. ನನ್ನ ಜೊತೆ ತರಬೇತಿ ಪಡೆದ ಗೆಳತಿಯ ಪಿಎಚ್‌ಸಿ ಇತ್ತು. ಅವಳು ನನಗೆ ತೋರಿಸಿದ್ದು ಗುಳಿಗೆಯನ್ನಲ್ಲ, ಒಂದು ಪ್ಲಾಸ್ಟಿಕ್ ಹಾಳೆಯನ್ನು. ಹೆರಿಗೆಯಾದ ಕೂಡಲೇ ತಾಯಿಯ ಸೊಂಟದ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವ, ಕೆಳತುದಿಯಲ್ಲಿ ಆಲಿಕೆಯಂತೆ ಚೂಪಾಗಿ ಚೀಲದಂತೆ ಇಳಿಬೀಳುವ ಪಾರದರ್ಶಕ ಹಾಳೆ. ಆ ಚೀಲದ ಮೇಲೆ ಹಾಲಿನ ಅಳತೆಯ ಪಾತ್ರೆಯ ಮೇಲಿರುವಂತೆ ಗೆರೆಗಳು. ಅಲ್ಲಿಯವರೆಗೆ ನಾವು ರಕ್ತವನ್ನು ಅಳೆಯುತ್ತಿದ್ದುದು ಕಣ್ಣಿನಿಂದ. ಸೂಲಗಿತ್ತಿ "ಭಾಳೇನ ಹೋಗಿಲ್ಲ ಬಿಡ್ರಿ, ಎಲ್ಲಾ ಬಾಣಂತ್ಯಾರಿಗೂ ಇಷ್ಟ ಹೋಗತೈತಿ" ಎನ್ನುತ್ತಿದ್ದಳು, ನಾನು 'ಸಾಧಾರಣ' ಎಂದು ಬರೆಯುತ್ತಿದ್ದೆ, ಬೆಳಗಾವಿಯ ವೈದ್ಯರು ಬಿಳಿಚಿದ ತಾಯಿಯನ್ನು ನೋಡಿ ನಮ್ಮಿಬ್ಬರನ್ನೂ ಬೈಯುತ್ತಿದ್ದರು. ಅದೇ ಕಾಲೇಜಿನವರು ಈ ಹಾಳೆಯ ಅಳತೆಯನ್ನೂ ಕಣ್ಣಂದಾಜನ್ನೂ ಹೋಲಿಸಿ ನೋಡಿದಾಗ, ಕಣ್ಣು ಸುಮಾರು ಮೂರನೇ ಒಂದು ಪಾಲು ಕಡಿಮೆ ಹೇಳುತ್ತದೆ ಎಂದು ತಿಳಿಯಿತು. ಕಾಟನ್ ಸೀರೆ, ಗೋಣಿತಟ್ಟು, ಸಗಣಿ ಸಾರಿಸಿದ ನೆಲ ಇವು ಕುಡಿದ ರಕ್ತವನ್ನು ಯಾರ ಕಣ್ಣೂ ಎಣಿಸುತ್ತಿರಲಿಲ್ಲ.

ಗುಳಿಗೆಗೆ ಸಿಕ್ಕ ಹೆಸರು ಈ ಹಾಳೆಗೆ ಸಿಗಲಿಲ್ಲ ಎಂಬುದು ನನ್ನದೊಂದು ಸಣ್ಣ ಕೊರಗು. 500 ಮಿಲಿಲೀಟರಿನ ಗೆರೆ ಸೂಲಗಿತ್ತಿಗೂ ಕಾಣುತ್ತದೆ, ಗಂಡನಿಗೂ ಕಾಣುತ್ತದೆ, ಫೋನಿನ ಆ ಕಡೆಯ ವೈದ್ಯರಿಗೂ ಅರ್ಥವಾಗುತ್ತದೆ. ಗೆರೆ ದಾಟಿತು ಎಂದ ಮೇಲೆ ಗಾಡಿ ಕರೆಯಬೇಕೋ ಬೇಡವೋ ಎಂಬ ವಾದಕ್ಕೆ ಜಾಗವಿಲ್ಲ. ಇಂಥದೇ ಗೆರೆ ಹಾಕಿದ ಹಾಳೆಯನ್ನೂ ಕೂಡಲೇ ಒಟ್ಟಿಗೆ ಕೊಡುವ ಚಿಕಿತ್ಸೆಯನ್ನೂ ಜೋಡಿಸಿ ಆಫ್ರಿಕದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನದ ಫಲಿತಾಂಶ 2023ರಲ್ಲಿ ಬಂದಾಗ, ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು ನೂರಕ್ಕೆ 60ರಷ್ಟು ಕಡಿಮೆಯಾಗಿದ್ದವು. ನಾನು ಆ ಸುದ್ದಿ ಓದಿ ಗೆಳತಿಗೆ ಫೋನ್ ಮಾಡಿದೆ. ಅವಳು "ನಮಗ ಇದು ಇಪ್ಪತ್ತು ವರ್ಷದ ಹಿಂದ ಗೊತ್ತಿತ್ತಲ್ಲ" ಎಂದಳು.

ಕಾಲ ಬದಲಾಗಿದೆ. 108 ಗಾಡಿ ಬಂತು, ಆಶಾ ಕಾರ್ಯಕರ್ತೆಯರು ಬಂದರು, 2019-21ರ ಸಮೀಕ್ಷೆಯ ಹೊತ್ತಿಗೆ ಆಸ್ಪತ್ರೆ ಹೆರಿಗೆಗಳು ನೂರಕ್ಕೆ 97 ಆದವು. 2004-06ರಲ್ಲಿ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 213 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. ಆದರೆ ಅದೇ 2019-21ರ ಸಮೀಕ್ಷೆಯಲ್ಲಿ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ 45ಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ ಇತ್ತು. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 7 ಇರುವವಳು ಅರ್ಧ ಲೀಟರ್ ರಕ್ತ ಕಳೆದುಕೊಂಡರೆ ಆಗುವುದು, 12 ಇರುವವಳಿಗೆ ಆಗುವುದಲ್ಲ. ಆಸ್ಪತ್ರೆಯ ಬಾಗಿಲವರೆಗೆ ಕರೆತರುವುದನ್ನು ಆರೋಗ್ಯ ಇಲಾಖೆ ಒಂದೇ ಮಾಡಬಹುದಿತ್ತು, ಮಾಡಿತು ಕೂಡ. ಮೈಯಲ್ಲಿ ರಕ್ತ ತುಂಬಿಸಿ ಕರೆತರುವುದು ಹಾಗಲ್ಲ: ಅದಕ್ಕೆ ಅಂಗನವಾಡಿಯ ಊಟ ಬೇಕು, ಕೂಲಿ ತಪ್ಪದಂತೆ ನೋಡಿಕೊಳ್ಳುವ ಯಜಮಾನ ಬೇಕು, ಕಬ್ಬಿಣದ ಗುಳಿಗೆ ತಿಂದ ಕೂಡಲೇ ಚಹಾ ಕೊಡದ ಅತ್ತೆ ಬೇಕು. ಕಬ್ಬಿಣದ ಗುಳಿಗೆ ತಿಂದರೆ ಮಲ ಕಪ್ಪಾಗುತ್ತದೆ ಎಂದು ಮೊದಲೇ ಹೇಳದಿದ್ದರೆ ಮೂರನೇ ದಿನ ಗುಳಿಗೆ ಗೂಡಿನಲ್ಲೇ ಉಳಿಯುತ್ತದೆ.

2017ರ ಕಬ್ಬಿನ ಹಂಗಾಮಿನಲ್ಲಿ ನನಗೆ ಇದು ಪಾಠವಾಗಿ ಬಂತು. ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ವಿಜಯಪುರ ಜಿಲ್ಲೆಯಿಂದಲೂ ಮಹಾರಾಷ್ಟ್ರದಿಂದಲೂ. ಗಂಡ ಹೆಂಡತಿ ಸೇರಿ ಒಂದು ಜೋಡಿ. ಮುಂಗಡ ತಂದಿದ್ದು ಜೋಡಿಯ ಲೆಕ್ಕದಲ್ಲಿ, ಹೆಂಡತಿ ಒಂದು ದಿನ ಮಲಗಿದರೆ ಗಂಡನ ಕೂಲಿಗೂ ಕತ್ತರಿ. ಒಂದು ಗ್ಯಾಂಗಿನ ತಾಡಪತ್ರಿ ಗುಡಿಸಲುಗಳ ಮುಂದೆ ಇಂಡಿ ತಾಲ್ಲೂಕಿನಿಂದ ಬಂದ ಆರು ತಿಂಗಳ ಗರ್ಭಿಣಿಯೊಬ್ಬಳು ಕಬ್ಬಿನ ಸಿಪ್ಪೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಎಚ್‌ಬಿ 7.4. ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿ ಉಳಿದಿತ್ತು. ಪಿಎಚ್‌ಸಿಯ ವೈದ್ಯರು ರಕ್ತನಾಳಕ್ಕೆ ಐರನ್ ಸುಕ್ರೋಸ್ ಎಂಬ ಕಬ್ಬಿಣದ ಔಷಧ ಹಾಕಲು ಒಪ್ಪಿದರು, ಒಂದು ದಿನ ಬಿಟ್ಟು ಒಂದು ದಿನ, ಐದು ಸಲ. ಅಂಗನವಾಡಿ ಕಾರ್ಯಕರ್ತೆ ಮೊದಲು "ಈಕಿ ನಮ್ಮ ಸರ್ವೇದಾಗ ಇಲ್ಲಲ್ರಿ ಸಿಸ್ಟರ್" ಎಂದರೂ, ಅವಳ ಮುಖ ನೋಡಿದ ಮೇಲೆ "ಉಣ್ಣಲಿ, ಲೆಕ್ಕ ಆಮ್ಯಾಲ ನೋಡೂಣು" ಎಂದು ತಟ್ಟೆ ಇಟ್ಟಳು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ಆಗಷ್ಟೇ ಶುರುವಾಗಿತ್ತು.

ಎರಡು ಡೋಸ್ ಆದವು. ಮೂರನೆಯದಕ್ಕೆ ಕರೆತರಲು ಹೋದರೆ ಅಲ್ಲಿ ಒಲೆಗಲ್ಲುಗಳೂ ಬೂದಿಯೂ ಮಾತ್ರ ಇದ್ದವು. ಗ್ಯಾಂಗ್ ರಾತ್ರೋರಾತ್ರಿ ಬೇರೆ ಊರಿಗೆ ಹೋಗಿತ್ತು. ಇಲ್ಲಿ ನನ್ನ ತಪ್ಪನ್ನೂ ಬರೆಯಬೇಕು. ನಾನು ಅವಳನ್ನು ನನ್ನ ರಿಜಿಸ್ಟರಿನಲ್ಲಿ ನೋಂದಾಯಿಸಿಯೇ ಇರಲಿಲ್ಲ. ನೋಂದಾಯಿಸಿದರೆ, ಹಂಗಾಮು ಮುಗಿದು ಅವಳು ಊರಿಗೆ ಹೋದಾಗ ಅವಳ ಹೆರಿಗೆ ನನ್ನ ಲೆಕ್ಕದಲ್ಲಿ ಬಾಕಿ ಎಂದು ಉಳಿಯುತ್ತದೆ, ಮಾಸಿಕ ಸಭೆಯಲ್ಲಿ ಉತ್ತರ ಕೊಡಬೇಕಾಗುತ್ತದೆ. ಸಭೆಗೆ ಹೆದರಿ ಒಬ್ಬಳನ್ನು ಕಾಗದದ ಮೇಲೆ ಇಲ್ಲದಂತೆ ಮಾಡಿದ್ದೆ, ಈಗ ಅವಳು ನೆಲದ ಮೇಲೂ ಇರಲಿಲ್ಲ.

ಆ ಹೊಲದ ರೈತನೇ ದಾರಿ ತೋರಿಸಿದ: "ಫ್ಯಾಕ್ಟರಿ ಫೀಲ್ಡ್‌ಮನ್‌ನ ಕೇಳ್ರಿ, ಗ್ಯಾಂಗ್ ಎಲ್ಲಿ ಇಳಿಸ್ಯಾನಂತ ಅವಂಗ ಗೊತ್ತ." ಚಹಾದಂಗಡಿಯಲ್ಲಿ ಸಿಕ್ಕ, ಸಕ್ಕರೆ ಕಾರ್ಖಾನೆಗಾಗಿ ಹೊಲಗಳ ಕಟಾವು ನೋಡಿಕೊಳ್ಳುವ ಆ ಹುಡುಗ ಬೈಕಿನ ಡಿಕ್ಕಿಯಿಂದ ಒಂದು ಡೈರಿ ತೆಗೆದ. ಮಸಿ, ಮಣ್ಣು, ಕಬ್ಬಿನ ಹಾಲು ಮೆತ್ತಿಕೊಂಡ ಪುಟಗಳಲ್ಲಿ ರೈತನ ಹೆಸರು, ಸರ್ವೇ ನಂಬರು, ನಾಟಿಯ ತಾರೀಖು, ಗ್ಯಾಂಗ್ ನಂಬರು, ಕಟಾವಿನ ದಿನ ಸಾಲುಸಾಲಾಗಿ ಇದ್ದವು. ನನ್ನ ಗರ್ಭಿಣಿ ಮುಂದಿನ ಹತ್ತು ದಿನ ಯಾವ ದಿನ ಎಲ್ಲಿರುತ್ತಾಳೆ ಎಂಬುದು ಅವಳಿಗೇ ತಿಳಿಯದಿದ್ದರೂ ಆ ಡೈರಿಗೆ ತಿಳಿದಿತ್ತು. 14 ಕಿಲೋಮೀಟರ್ ದೂರದ ಊರು, ಬೇರೆ ಪಿಎಚ್‌ಸಿ. ಅಲ್ಲಿನ ಎಎನ್‌ಎಂಗೆ ಫೋನಿನಲ್ಲಿ ಎಚ್‌ಬಿ, ಆದ ಡೋಸ್, ಉಳಿದ ಡೋಸ್ ಹೇಳಿದೆ. ಉಳಿದ ಮೂರೂ ಅಲ್ಲಿ ಆದವು. ಅವಳಿಗೆ ಎರಡನೇ ತಾಯಿ ಕಾರ್ಡ್ ಮಾಡಿಸಿ, ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟು ಕಳಿಸಿದೆ.

ಮರುವಾರದಿಂದ ಪ್ರತಿ ಶನಿವಾರ ಫೀಲ್ಡ್‌ಮನ್ ತನ್ನ ಪುಟದ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸತೊಡಗಿದ. ಸುತ್ತಲಿನ ನಾಲ್ವರು ಎಎನ್‌ಎಂಗಳು, ಆಶಾಗಳು, ಇಬ್ಬರು ಅಂಗನವಾಡಿ ಕಾರ್ಯಕರ್ತೆಯರು ಅದನ್ನು ನೋಡಿ ತಮ್ಮ ವಾರವನ್ನು ಹೊಂದಿಸಿಕೊಳ್ಳುತ್ತಿದ್ದೆವು. ಆ ಹಂಗಾಮಿನಲ್ಲಿ ಒಂಬತ್ತು ಗರ್ಭಿಣಿಯರೂ ಲಸಿಕೆ ತಪ್ಪಿದ ಹಲವು ಮಕ್ಕಳೂ ಸಿಕ್ಕರು. ಇದನ್ನು ಸಭೆಯಲ್ಲಿ ಹೇಳಿದಾಗ ಅಧಿಕಾರಿಗಳು ಮೆಚ್ಚಿ, ಕಾರ್ಖಾನೆಗೆ ಅಧಿಕೃತವಾಗಿ ಪತ್ರ ಬರೆಸಿದರು. ಕಬ್ಬು ಕಡಿಯುವವರು ಮುಕಾದಮರ ಆಳುಗಳು, ಕಾರ್ಖಾನೆಯ ಸಿಬ್ಬಂದಿಯಲ್ಲ, ಆದ್ದರಿಂದ ಮಾಹಿತಿ ಕೊಡುವ ಪ್ರಶ್ನೆ ಬರುವುದಿಲ್ಲ ಎಂದು ಉತ್ತರ ಬಂತು. ಫೀಲ್ಡ್‌ಮನ್‌ಗೆ ಮೇಲಿನವರಿಂದ ಒಂದು ಮಾತೂ ಬಿತ್ತೆಂದು ಕಾಣುತ್ತದೆ. ಎರಡು ಶನಿವಾರ ಫೋಟೋ ಬರಲಿಲ್ಲ. ಮೂರನೇ ಶನಿವಾರ, ಕಾರ್ಖಾನೆಯ ಹೆಸರಿದ್ದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮುಚ್ಚಿ ತೆಗೆದ ಫೋಟೋ ಬಂತು.

ಪತ್ರ ಬರೆಯಬಾರದಿತ್ತು ಎಂದು ನಾನು ಹೇಳುವುದಿಲ್ಲ. ಒಬ್ಬ ಹುಡುಗನ ಹೆಬ್ಬೆರಳಿನ ಆಸರೆಯಲ್ಲಿ ಇಂಥ ವ್ಯವಸ್ಥೆ ಎಷ್ಟು ದಿನ ನಿಂತೀತು? ಆದರೆ ಪತ್ರ ಕೇಳಿದ್ದು 'ಸಹಕಾರ'ವನ್ನು, ಸಹಕಾರ ಎಂದರೆ ಕಾರ್ಖಾನೆಯ ಕಚೇರಿಗೆ ಹೊಣೆಯ ವಾಸನೆ ಬರುತ್ತದೆ. ವಾರಕ್ಕೊಮ್ಮೆ ಗ್ಯಾಂಗ್ ನಂಬರು, ಊರು, ತಾರೀಖು, ಈ ಮೂರೇ ಕಾಲಂ ಬೇಕು ಎಂದು ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತೇನೋ. ಹೇಗೂ ಹಳ್ಳಿಗಳಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳಿವೆ. ಕಬ್ಬಿನ ಊರುಗಳಲ್ಲಿ ಕಾರ್ಖಾನೆಯ ಒಬ್ಬ ಫೀಲ್ಡ್‌ಮನ್‌ನನ್ನು ನವೆಂಬರಿನಿಂದ ಮಾರ್ಚಿನವರೆಗೆ ಆ ಸಮಿತಿಗೆ ಕರೆಯಲು ದೊಡ್ಡ ಖರ್ಚೇನೂ ಇಲ್ಲ.

ಇಂಡಿಯ ಆ ಹೆಣ್ಣುಮಗಳು ಯುಗಾದಿ ಮುಂದೆ ಊರಿನಲ್ಲೇ ಹೆತ್ತಳು, ಮುಕಾದಮ ಮುಂದಿನ ಹಂಗಾಮಿಗೆ ಬಂದಾಗ ಹೇಳಿದ. ಎಚ್‌ಬಿ ಕೊನೆಗೆ ಎಷ್ಟಿತ್ತು ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ; ಕೂಸು ಗಂಡು ಎಂದಷ್ಟೇ ಅವನ ವರದಿ. ಫೀಲ್ಡ್‌ಮನ್ ಹುಡುಗ ಬೇರೆ ಕಾರ್ಖಾನೆ ಸೇರಿದ್ದಾನೆ. ಅವನ ಜಾಗಕ್ಕೆ ಬಂದವನು ಮೇಲಿನಿಂದ ಪತ್ರ ತರಲು ಹೇಳಿದನಂತೆ. ನನ್ನ ಜಾಗಕ್ಕೆ ಬಂದ ಎಎನ್‌ಎಂ ಮೊನ್ನೆ ಫೋನಿನಲ್ಲಿ, "ಅಕ್ಕಾರ, ಟ್ರ್ಯಾಕ್ಟರ್ ಡ್ರೈವರ್‌ಗೋಳ ಗ್ರೂಪ್‌ನ್ಯಾಗ ನಂಬರ್ ಹಾಕಿಸೇನ್ರಿ, ನಾಳೆ ಯಾವ ಹೊಲ ಅನ್ನೂದು ಇವತ್ತ ಸಂಜೀಕ ಬರತೈತಿ" ಎಂದಳು.