ಡೈವೋರ್ಸಿಗೆ ಏನೇನು ಬೇಕು, ಲಾಯರಮ್ಮ?

ತನಗೇ ಬೇಕು ಅಂತ ಯಾರೂ ಕೇಳುವುದಿಲ್ಲ. ‘ನಮ್ಮ ಪರಿಚಯದವರ ಮಗಳಿಗೆ’ ಅಂತಲೇ ಶುರು. ಮದುವೆ ಊಟದ ಪಂಕ್ತಿ, ತೀರ್ಥಹಳ್ಳಿ ಬಸ್ಸು, ಎಲ್ಲಾದರೂ ಸರಿ. ನಾನು ಶಿವಮೊಗ್ಗದಲ್ಲಿ ವಕೀಲಿಕೆ ಮಾಡುವವಳು ಅಂತ ಗೊತ್ತಾದರೆ ಮುಗಿಯಿತು. ರೇಷನ್ ಕಾರ್ಡಿಗೆ ಏನೇನು ಬೇಕು ಅಂತ ಕೇಳುವ ಧಾಟಿಯಲ್ಲೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಬರೆದುಬಿಡುತ್ತೇನೆ.

ಲಗ್ನಪತ್ರಿಕೆ, ಮದುವೆ ಫೋಟೊ, ನೋಂದಣಿ ಆಗಿದ್ದರೆ ಅದರ ಸರ್ಟಿಫಿಕೇಟು, ವಿಳಾಸದ ದಾಖಲೆ. ಕಾಗದ ಇಷ್ಟೇ. ಕಾರಣ ಬೇಕಲ್ಲ, ಕಷ್ಟ ಅಲ್ಲಿರುವುದು. 1955ರ ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಕ್ರೌರ್ಯ ಇದೆ, ಪರಸಂಬಂಧ ಇದೆ, 2 ವರ್ಷ ಬಿಟ್ಟುಹೋಗಿರುವುದು ಇದೆ. ‘ಯಾಕೋ ಸರಿಹೋಗ್ತಿಲ್ಲ’ ಎಂಬುದು ಇಲ್ಲ. ಇಬ್ಬರೂ ಒಪ್ಪಿದರೆ 13-ಬಿ. ಅದಕ್ಕೆ 1 ವರ್ಷ ಬೇರೆಯಾಗಿರಬೇಕು, ಅರ್ಜಿ ಹಾಕಿ ಮತ್ತೆ 6 ತಿಂಗಳು ಕಾಯಬೇಕು. ತಕ್ಕ ಪ್ರಕರಣಗಳಲ್ಲಿ ಈ 6 ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ಕಾನೂನುಗಳಿವೆ.

‘ನಿಮಗೆ ಸಂಸಾರ ಒಡೆಯೋದೇ ಕಸುಬು’ ಅನ್ನುವವರೂ ಇದ್ದಾರೆ. ನನ್ನ ಮೇಜಿನ ತನಕ ಬರುವಷ್ಟರಲ್ಲಿ ಅದು ಒಡೆದೇ ಇರುತ್ತದೆ ಸ್ವಾಮಿ. ಕೋರ್ಟೂ ಮೊದಲು ರಾಜಿಗೇ ನೋಡುತ್ತದೆ.

ಮೈಯೆಲ್ಲ ಉರಿಯುವುದು ಮಾತ್ರ ಈ ಪ್ರಶ್ನೆಗೆ: ‘ಬಾಂಡ್ ಪೇಪರಲ್ಲಿ ಬರೆಸಿದ್ರೆ ಆಗಲ್ವಾ?’ ಒಬ್ಬ ಯಜಮಾನರು ಮಗ-ಸೊಸೆಯ ಹೆಸರಲ್ಲಿ ಬರೆಸಿಕೊಂಡೇ ಬಂದಿದ್ದರು. ‘ಇಂದಿನಿಂದ ನಮ್ಮಿಬ್ಬರಿಗೂ ಯಾವುದೇ ಸಂಬಂಧ ಇರುವುದಿಲ್ಲ’ ಅಂತ ಇತ್ತು. ಕೆಳಗೆ ಊರ ಹಿರಿಯರ ಸಹಿಗಳು, ನೋಟರಿ ಸೀಲು. ಮೇಲೆ ಲ್ಯಾಮಿನೇಶನ್! ‘ಮಳೆಗಾಲ ಅಲ್ವಾ ಮೇಡಂ, ಬೂಷ್ಟು ಹಿಡಿಯುತ್ತೆ’ ಅಂದರು. ಮಗನಿಗೆ ಇನ್ನೊಂದು ಹೆಣ್ಣು ಗೊತ್ತಾಗಿತ್ತು. ಸಮುದಾಯದ ಪದ್ಧತಿಯ ಬಿಡುಗಡೆಯನ್ನು ಕಾಯ್ದೆ ಒಪ್ಪುತ್ತದೆ, ಆದರೆ ಅಂಥ ಪದ್ಧತಿ ಇದೆಯೆಂದು ಸಾಬೀತು ಮಾಡಬೇಕು. ಅವರಲ್ಲಿ ಅಂಥದ್ದೇನೂ ಇರಲಿಲ್ಲ. ಇದನ್ನು ನಂಬಿ ಎರಡನೇ ಮದುವೆ ಮಾಡಿದರೆ ಆ ಮದುವೆಯೇ ಅಸಿಂಧು, ಮೇಲೆ 7 ವರ್ಷದವರೆಗೆ ಜೈಲು ಅಂದೆ. ‘ನೂರು ರೂಪಾಯಿ ಛಾಪಾ ಕಾಗದ ಮೇಡಂ’ ಅಂದರು, ಅದು ಸಾಲದಾಯಿತೇನೋ ಎಂಬಂತೆ.

ಹಿರಿಯರ ಸಹಿಗಳ ನಡುವೆ ಇದ್ದ ಸ್ವಲ್ಪ ಜಾಗದಲ್ಲಿ ಆ ಸೊಸೆಯದೂ ಒಂದು ಸಹಿ ಇತ್ತು. ಸಹಿ ಹಾಕುವ ಮುಂಚೆ ಅವಳು ಬಂದು ಒಂದು ಮಾತು ಕೇಳಿದ್ದರೆ! ‘ಡೈವೋರ್ಸ್ ಹೇಗೆ’ ಅಂತಲ್ಲ. ‘ತೀರ್ಪು ಬರೋ ತನಕ ಎಲ್ಲಿರಲಿ, ಏನು ತಿನ್ನಲಿ?’ ಅಂತ. ನಾನು ದಿನವಿಡೀ ಕೂತು ಉತ್ತರ ಹೇಳುತ್ತಿದ್ದೆ. ಕೇಸು ನಡೆಯುವಾಗಲೇ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನಲ್ಲಿ ಮಧ್ಯಂತರ ಜೀವನಾಂಶ, ಕೋರ್ಟು ಖರ್ಚು ಕೇಳಬಹುದು. ದುಡಿಮೆಯಿಲ್ಲದ ಗಂಡನೂ ಕೇಳಬಹುದು. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಆ ಮನೆಯಲ್ಲೇ ಉಳಿಯುವ ಹಕ್ಕಿದೆ. ಗಂಡ ಬೆಂಗಳೂರಿನಲ್ಲಿದ್ದರೆ ಅಲ್ಲಿಗೆ ಅಲೆಯಬೇಕಿಲ್ಲ. ಹೆಂಡತಿ ತಾನಿರುವ ಕಡೆಯೇ ಅರ್ಜಿ ಹಾಕಬಹುದು, 2003ರಿಂದ ಹಾಗಿದೆ. ವಕೀಲರ ಫೀಸಿಗೆ ದುಡ್ಡಿಲ್ಲವಾ? ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಗಂಡನ ಒಪ್ಪಿಗೆ ಪತ್ರ ಏನೂ ಬೇಡ. ಹೌದು, ಅದನ್ನೂ ಕೇಳಿದವರಿದ್ದಾರೆ.