ಅಟ್ಟದ ಮೇಲಿನ ಜೇಡ

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಬಾತ್‌ರೂಮ್ ಲೈಟ್ ಹಾಕ್ದೆ, ಗೀಸರ್ ಪಕ್ಕದ ಗೋಡೆ ಮೇಲೆ ಅದು ಕೂತಿತ್ತು. ಹೆಚ್ಚೂಕಮ್ಮಿ ಅಂಗೈ ಅಗಲ, ಕಂದು ಬಣ್ಣ, ಕಾಲೆಲ್ಲ ಏಡಿ ಥರ ಪಕ್ಕಕ್ಕೆ ಚಾಚ್ಕೊಂಡು. ಬಲೆ ಗಿಲೆ ಕಟ್ಟೋ ಜಾತಿ ಅಲ್ಲ, ಜಿರಳೆ ಹಿಡ್ಕೊಂಡು ತಿನ್ನತ್ತೆ, ಮನುಷ್ಯರ ತಂಟೆಗೆ ಬರಲ್ಲ, ಇದೆಲ್ಲ ನಂಗೆ ಬಾಯಿಪಾಠ. ಆದ್ರೂ ಮುಂದಿನ ಕ್ಷಣ ನಾನು ಹಾಲ್‌ನಲ್ಲಿದ್ದೆ. ಓಡ್ಬೇಕು ಅಂತ ತೀರ್ಮಾನ ಮಾಡಿದ್ದು ಯಾವಾಗ ಅಂತ ಕೇಳಿದ್ರೆ, ಓಡಿ ನಿಂತ್ಮೇಲೆ ಅಂತಾನೇ ಹೇಳ್ಬೇಕು.

ಈ ಭಯ ಎಲ್ಲಿಂದ ಬಂತು ಅನ್ನೋದು ನಂಗೆ ಚೆನ್ನಾಗಿ ಗೊತ್ತು, ಗೊತ್ತಿದೆ ಅನ್ಕೊಂಡಿದ್ದೆ. ಸಾಗರದ ಹತ್ರ ಅಜ್ಜಿ ಮನೆ, ಬೇಸಿಗೆ ರಜ, ಅಟ್ಟದ ಮೇಲೆ ಹುಲ್ಲು ಹಾಸಿ ಮಾವಿನಕಾಯಿ ಹಣ್ಣಿಗೆ ಹಾಕಿರ್ತಿದ್ರು, ಹಪ್ಪಳದ ಡಬ್ಬಾನೂ ಅಲ್ಲೇ. ನಾವು ಆರೇಳು ಜನ ಮಕ್ಕಳು. ದೊಡ್ಡಮ್ಮ ಒಂದಿನ ಏಣಿ ಹತ್ರ ನಿಂತು, ದನಿ ತಗ್ಗಿಸಿ, "ಮೇಲೆ ತಟ್ಟೆಯಷ್ಟು ದೊಡ್ಡ ಜೇಡ ಸೇರ್ಕೊಂಡಿದೆ, ಮೈಮೇಲೆ ಹರಿದ್ರೆ ಸಾಕು ಗುಳ್ಳೆ ಏಳತ್ತೆ" ಅಂದ್ರು. ಅಷ್ಟೇ, ಆಮೇಲೆ ನಾನು ಆ ಏಣಿ ಹತ್ತಲೇ ಇಲ್ಲ. ಮೂವತ್ತು ವರ್ಷ ಆದ್ಮೇಲೆ ಒಂದು ಮದುವೆ ಮನೇಲಿ ಕವಳ ಹಾಕ್ಕೊಂಡು ಕೂತಿದ್ದಾಗ ಅವ್ರೇ ನಗ್ತಾ ಹೇಳಿದ್ರು, ಜೇಡಾನೂ ಇಲ್ಲ ಪಾಡೂ ಇಲ್ಲ, ಹಣ್ಣು ಉಳೀಲಿ ಅಂತ ಬಿಟ್ಟ ಜೇಡ ಕಣೋ ಅದು ಅಂತ. ಎಲ್ಲರೂ ನಕ್ರು, ನಾನೂ ನಕ್ಕೆ, ಆದ್ರೆ ಒಳಗೆ ಏನೋ ಚುರುಕ್ ಅಂತು, ಯಾಕಂದ್ರೆ ನನ್ನಲ್ಲಿ ನಂದೇ ಅಂತ ಇರೋದ್ರಲ್ಲಿ ಈ ಭಯಾನೇ ಫಸ್ಟು, ಅದನ್ನೂ ಬೇರೆ ಯಾರೋ ಒಂದು ಬುಟ್ಟಿ ಹಣ್ಣಿಗೋಸ್ಕರ ಇಟ್ಟು ಹೋಗಿದಾರೆ ಅಂದ್ರೆ ಮಿಕ್ಕಿದ್ದೆಲ್ಲ ಯಾರದ್ದು?

ಆಗಿಂದ ಜೇಡದ ಬಗ್ಗೆ ಸಿಕ್ಕಿದ್ದೆಲ್ಲ ಓದೋ ಚಟ ಹತ್ತಿದೆ (ಫೋಟೋ ಬಂದ್ರೆ ಹೆಬ್ಬೆರಳು ಅಡ್ಡ ಇಟ್ಕೊಂಡು). ಕೋಸ್ಟಾರಿಕಾದಲ್ಲಿ ಒಂದು ಕಣಜ ಇದೆ, ಅದ್ರ ಕಥೆ 2000ದಲ್ಲಿ ವಿಲಿಯಂ ಎಬರ್‌ಹಾರ್ಡ್ ಅನ್ನೋ ವಿಜ್ಞಾನಿ ಬರೆದ್ರು. ಕಣಜ ಬಂದು ಜೇಡಕ್ಕೆ ಕುಟುಕಿ ಸ್ವಲ್ಪ ಹೊತ್ತು ಮರಗಟ್ಟಿಸಿ ಹೊಟ್ಟೆ ಮೇಲೆ ಒಂದು ಮೊಟ್ಟೆ ಅಂಟಿಸಿ ಹೋಗತ್ತೆ. ಜೇಡ ಎದ್ದು ಏನೂ ಆಗದ ಹಾಗೆ ದಿನಾ ಬಲೆ ನೇಯತ್ತೆ, ಹೊಟ್ಟೆ ಮೇಲಿನ ಮರಿ ಒಂದೆರಡು ವಾರ ಅದ್ರ ರಸ ಹೀರ್ತಾ ಬೆಳೆಯತ್ತೆ. ಕೊನೇ ರಾತ್ರಿ ಮಾತ್ರ ಜೇಡ ಗುಂಡನೆ ಬಲೆ ಬಿಟ್ಟು ಬೇರೆನೇ ಒಂದು ಕಟ್ಟತ್ತೆ, ನಾಲ್ಕಾರು ಗಟ್ಟಿ ಎಳೆ, ಮೊದಲ ಹಂತದ ಕೆಲಸಾನೇ ಮತ್ತೆ ಮತ್ತೆ ಮಾಡ್ತಾ. ಅದು ಜೇಡಕ್ಕಲ್ಲ, ಮರಿ ತನ್ನ ಗೂಡು ನೇತುಹಾಕೋಕೆ. ಕಟ್ಟಿ ಮುಗಿದ್ಮೇಲೆ ಮರಿ ಜೇಡಾನ ಕೊಂದು ಹೀರಿ ಸಿಪ್ಪೆ ಕೆಳಗೆ ಬಿಸಾಕತ್ತೆ. ಇನ್ನೂ ವಿಚಿತ್ರ ಅಂದ್ರೆ ಆ ರಾತ್ರಿ ಮರೀನ ಕಿತ್ತು ತೆಗೆದ್ರೂ ಜೇಡ ಅದೇ ಗೂಡು ಬಲೆ ಕಟ್ತಾ ಇರತ್ತೆ. ದೊಡ್ಡಮ್ಮ ಒಪ್ಕೊಂಡು ಇಷ್ಟು ವರ್ಷ ಆದ್ರೂ ನಾನು ಹಾಲ್‌ಗೆ ಓಡ್ತೀನಲ್ಲ, ಹಾಗೆ.

ಓದಿ ನಂಬಿಕೆ ಬರದೆ ನಮ್ಮನೆ ಮೀಟರ್ ಬೋರ್ಡ್ ಮೇಲಿದ್ದ ಕುಂಬಾರ ಹುಳದ (ಅದೂ ಒಂದು ಕಣಜಾನೇ) ಮಣ್ಣಿನ ಗೂಡನ್ನ ಸ್ಕ್ರೂಡ್ರೈವರ್‌ನಲ್ಲಿ ಒಡೆದೆ. ಒಳಗೆ ಏಳು ಪುಟ್ಟ ಜೇಡ, ಕಾಲು ಮಡಚ್ಕೊಂಡು ಒತ್ತೊತ್ತಾಗಿ, ಡಬ್ಬಿಗೆ ತುಂಬಿಟ್ಟ ಹಾಗೆ. ಸತ್ತಿರ್ಲಿಲ್ಲ. ಬೆಂಕಿಕಡ್ಡಿ ತಾಗಿಸಿದ್ರೆ ಒಂದ್ರ ಕಾಲು ಸಣ್ಣಗೆ ನಡುಗ್ತು. ಕುಟುಕಿ ಜೀವ ಉಳಿಸಿ ಇಡತ್ತಂತೆ, ಮರಿಗೆ ಊಟ ಕೆಡಬಾರದು ಅಂತ. ಜೀವಮಾನದಲ್ಲಿ ಮೊದಲ ಸಲ ಜೇಡ ನೋಡಿ ನಂಗೆ ಅಯ್ಯೋ ಅನ್ನಿಸ್ತು. ಭ್ರಮರ ಕೀಟ ನ್ಯಾಯ ಅಂತ ಪ್ರವಚನದಲ್ಲಿ ಕೇಳಿರ್ತೀರಿ, ಗೂಡಲ್ಲಿ ಸಿಕ್ಕ ಹುಳು ಭ್ರಮರದ ಹೆದರಿಕೇಲೇ ಅದನ್ನೇ ಧ್ಯಾನ ಮಾಡಿ ಮಾಡಿ ಕೊನೆಗೆ ತಾನೇ ಭ್ರಮರ ಆಗಿ ಹಾರಿಹೋಗತ್ತೆ ಅಂತ. ಗೂಡೊಳಗೆ ನೋಡಿದವನಿಗೆ ಆ ಕಥೆ ಇನ್ನು ರುಚಿಸಲ್ಲ. ಹುಳು ಭ್ರಮರ ಆಗಲ್ಲ ಸ್ವಾಮಿ, ಊಟ ಆಗತ್ತೆ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೆರೆಲ್ ಕಿಂಟ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತೆ ಅವ್ರ ಸಹೋದ್ಯೋಗಿ 2015ರಲ್ಲಿ ಬರೆದ ಪ್ರಯೋಗ ಒಂದಿದೆ, ಅದು ನನ್ನ ನಿದ್ದೆ ಕೆಡಿಸಿದೆ. ಜೇಡ ಕಂಡ್ರೆ ಆಗದ 45 ಜನ. ಕೆಲವರಿಗೆ ಟ್ಯಾರಂಟುಲಾ ಅನ್ನೋ ದೊಡ್ಡ ರೋಮದ ಜೇಡದ ಮುಂದೆ ಒಂದೆರಡು ನಿಮಿಷ ನಿಲ್ಲಿಸಿ, ಆಮೇಲೆ 40 ಮಿಲಿಗ್ರಾಂ ಪ್ರೊಪ್ರಾನೊಲಾಲ್, ಅದೇ ಬಿಪಿಗೆ ಕೊಡೋ ಮಾತ್ರೆ, ಒಂದೇ ಸಲ. ಸ್ವಲ್ಪ ದಿನಕ್ಕೇ ಅವ್ರು ಅದನ್ನ ಮುಟ್ಟೋಕೆ ಶುರು ಮಾಡಿದ್ರು, ವರ್ಷ ಆದ್ರೂ ಆ ಧೈರ್ಯ ಇತ್ತು. ಡಮ್ಮಿ ಮಾತ್ರೆ ತಗೊಂಡವರಿಗೆ, ಜೇಡ ನೋಡದೆ ಬರೀ ಮಾತ್ರೆ ನುಂಗಿದವರಿಗೆ ಏನೂ ಆಗ್ಲಿಲ್ಲ. ನಂಗೆ ಕಚ್ಚಿದ್ದು ಮುಂದಿನ ಸಾಲು. ಮುಟ್ಟೋಕೆ ಶುರು ಮಾಡಿದವರೂ ಕೇಳಿದ್ರೆ ಮೊದಮೊದಲು ನಂಗೆ ಜೇಡ ಅಂದ್ರೆ ಭಯಾನೇ ಅಂತಿದ್ರಂತೆ, ಭಯ ಹೋಗಿದೆ ಅಂತ ಬಾಯಲ್ಲಿ ಒಪ್ಕೊಂಡಿದ್ದು ತಿಂಗಳುಗಳಾದ್ಮೇಲೆ. ಕೈ ಮೊದಲು ಹೋಯ್ತು, ಮನಸ್ಸು ಆಮೇಲೆ ಬಂತು, ಗುಮಾಸ್ತ ಬರೆದು ಮುಗಿಸಿದ ಫೈಲಿಗೆ ಸಾಹೇಬ್ರು ನಿಧಾನಕ್ಕೆ ಬಂದು ಸಹಿ ಹಾಕೋ ಹಾಗೆ.

1983ರಲ್ಲಿ ಬೆಂಜಮಿನ್ ಲಿಬೆಟ್ ಅನ್ನೋ ಮಿದುಳು ವಿಜ್ಞಾನಿ ಹೇಳಿದ್ದೂ ಸುಮಾರು ಇದೇ. ಕೈ ಆಡಿಸ್ಬೇಕು ಅಂತ ನಮಗೆ ಅನ್ನಿಸೋಕೆ ಸುಮಾರು 300 ಮಿಲಿಸೆಕೆಂಡ್ ಮುಂಚೇನೇ ಮಿದುಳಲ್ಲಿ ತಯಾರಿ ಶುರುವಾಗಿರತ್ತೆ ಅಂತ. 2012ರಲ್ಲಿ ಆರನ್ ಶುರ್ಗರ್ ಮತ್ತೆ ಜೊತೆಯವ್ರು, ಅದು ತಯಾರಿ ಅಲ್ಲದೇನೂ ಇರ್ಬಹುದು, ಮಿದುಳಲ್ಲಿ ಸುಮ್ನೆ ಏರಿಳಿಯೋ ಗದ್ದಲ ಇರ್ಬಹುದು ಅಂದ್ರು. ಗದ್ದಲ ಅಂದ್ಕೊಂಡ್ರೂ ನಂಗೇನೂ ಸಮಾಧಾನ ಆಗ್ಲಿಲ್ಲ.

ನಿನ್ನೆ ದೊಡ್ಡಮ್ಮಂಗೆ ಫೋನ್ ಮಾಡಿ ಜಗಳಾನೇ ತೆಗೆದೆ, ನಿಮ್ಮಿಂದ ನನ್ನ ಹಣೆಬರಹ ಹೀಗಾಯ್ತು ಅಂತ. ಅವ್ರು ಕೇಳಿಸ್ಕೊಂಡು, "ಅಯ್ಯೋ ಮಾರಾಯ, ನೀನು ತೊಟ್ಟಿಲಲ್ಲಿದ್ದಾಗ್ಲೇ ಜೇಡ ಕಂಡ್ರೆ ಕಿಟಾರನೆ ಕಿರುಚ್ತಿದ್ದೆ, ಅದಕ್ಕೇ ಅಲ್ವಾ ನಾನು ಹಾವು ಬಿಟ್ಟು ಜೇಡ ಅಂದಿದ್ದು, ಉಳಿದವು ಯಾವ್ದೂ ಹೆದರ್ಲಿಲ್ಲ, ಹಣ್ಣೆಲ್ಲ ಅವೇ ಖಾಲಿ ಮಾಡಿದ್ವು" ಅಂದ್ರು. ನಂಗೆ ಮಾತೇ ಹೊರಡ್ಲಿಲ್ಲ. ಆರು ತಿಂಗಳ ಕೂಸುಗಳಿಗೆ ಜೇಡದ ಚಿತ್ರ ತೋರಿಸಿದ್ರೆ, ಹೂವಿನ ಚಿತ್ರ ನೋಡಿದಾಗಕ್ಕಿಂತ ಕಣ್ಣಿನ ಪಾಪೆ ಜಾಸ್ತಿ ಅರಳತ್ತೆ ಅಂತ 2017ರಲ್ಲಿ ಬಂದಿದ್ದು ಓದಿದ್ದೆ, ಅದು ನೆನಪಾಯ್ತು. ಹಾಗಾದ್ರೆ ಜೇಡ ಇಟ್ಟಿದ್ದು ದೊಡ್ಡಮ್ಮ ಅಲ್ವಾ, ಅವ್ರು ಇರೋ ಎಳೆ ನೋಡ್ಕೊಂಡು ಎಳೆದ್ರು ಅಷ್ಟೇನಾ? ಇಷ್ಟು ವರ್ಷದಿಂದ ಸಾಕ್ಕೊಂಡು ಬಂದಿದ್ದ ಸಿಟ್ಟು, ಅದನ್ನೂ ಇಟ್ಕೊಳ್ಳೋಕೆ ಜಾಗ ಇಲ್ಲದಂಗಾಯ್ತು.

ನಿನ್ನೆ ರಾತ್ರಿ ಅದು ಮತ್ತೆ ಅದೇ ಗೋಡೇಲಿ. ಹಠಕ್ಕೆ ಬಿದ್ದು ಸ್ನಾನದ ಮಗ್ ತಗೊಂಡು ಟಪ್ ಅಂತ ಮುಚ್ಚಿದೆ. ಮುಚ್ಚಿದ್ಮೇಲೆ ಹೊಳೀತು, ಗೋಡೆ ಮೇಲೆ ಮಗ್ ತಾನಾಗೇ ನಿಲ್ಲಲ್ಲ, ಒತ್ತಿ ಹಿಡ್ದಿರ್ಬೇಕು. ಬಿಟ್ರೆ ಅದು ಹೊರಗೆ ಬರತ್ತೆ, ಹಾಳೆ ತರೋಕೆ ಹೋಗೋ ಹಾಗಿಲ್ಲ. ಒಳಗೆ ಪ್ಲಾಸ್ಟಿಕ್ಕಿಗೆ ಕಾಲು ತಾಗಿ ಸರಸರ ಅಂತಿದ್ದದ್ದು ಅಂಗೈಗೇ ಗೊತ್ತಾಗ್ತಿತ್ತು. ಹತ್ತು ನಿಮಿಷ ಹಾಗೇ ನಿಂತಿದ್ದೆ, ಹೆಂಡ್ತೀನ ಕೂಗಿದೆ. ಅವ್ಳು ನಿದ್ದೆಗಣ್ಣಲ್ಲಿ ಬಂದು ಗೋಡೆ ಕ್ಯಾಲೆಂಡರಿನ ಹಳೇ ಹಾಳೆ ಹರ್ಕೊಂಡು ಮೆಲ್ಲಗೆ ಕೆಳಗೆ ತೂರಿಸಿದ್ಲು.

"ಆಯ್ತು, ನಂಗೆ ಸಿಕ್ತು. ಕೈ ಬಿಡ್ರೀ."

"ಬಿಟ್ಟೆ" ಅಂದೆ.

"ಎಲ್ಲಿ ಬಿಟ್ರಿ?" ಅಂದ್ಲು. ನೋಡಿದ್ರೆ ನಿಜವಾಗ್ಲೂ ಬಿಟ್ಟಿರ್ಲಿಲ್ಲ.