0.375 ಎಕರೆ ಅಂದರೆ ಎಷ್ಟು ಗುಂಟೆ?

ಶಿಡ್ಲಘಟ್ಟದ ಹತ್ತಿರ ಚಿಕ್ಕಪ್ಪನ ಹಿಪ್ಪುನೇರಳೆ ತೋಟವನ್ನು ಮೊಬೈಲ್ ಆ್ಯಪ್‌ನಲ್ಲಿ ಅಳೆದೆವು. 0.375 ಎಕರೆ ಅಂತ ಬಂತು. "ಗುಂಟೆ ಲೆಕ್ಕದಲ್ಲಿ ಹೇಳಪ್ಪಾ" ಅಂದರು ಚಿಕ್ಕಪ್ಪ.

ಪಾಯಿಂಟ್ ಆದ ಮೇಲೆ ಮೂರು ಅಂಕಿ ಇದೆ, ಹಾಗಾಗಿ 375/1000. ಮೇಲೂ ಕೆಳಗೂ 125ರಿಂದ ಭಾಗಿಸಿದರೆ 3/8. 125 ತಕ್ಷಣ ಹೊಳೆಯದಿದ್ದರೂ ಪರವಾಗಿಲ್ಲ, 5ರ ಮಗ್ಗಿಯಲ್ಲಿ ಮೂರು ಸಲ ಹೊಡೆದರೂ ಅಲ್ಲಿಗೇ ಬರುತ್ತದೆ. ಎಕರೆಗೆ 40 ಗುಂಟೆ. ಅದರ ಎಂಟನೇ ಒಂದು ಭಾಗ 5, ಅಂಥ ಮೂರು ಭಾಗ ಅಂದರೆ 15 ಗುಂಟೆ. ಎಷ್ಟು ಚೆಂದ ಅಲ್ವಾ!

ನನಗೆ ಇನ್ನೂ ಇಷ್ಟವಾಗುವುದು ಮುಗಿಯದ ದಶಮಾಂಶ. ಒಂದು ಎಕರೆಯನ್ನು ಮೂವರಿಗೆ ಹಂಚಿದರೆ ಒಬ್ಬರಿಗೆ 0.333... ಬರುತ್ತಲೇ ಇರುತ್ತದೆ. ಅದನ್ನು 10ರಿಂದ ಗುಣಿಸಿದರೆ 3.333... ಆಗುತ್ತದೆ. ಅದರಲ್ಲಿ ಮೊದಲಿನ 0.333... ಕಳೆದರೆ ಬಾಲ ಪೂರ್ತಿ ಹೋಗಿ ಬರೀ 3 ಉಳಿಯುತ್ತದೆ. ಅಂದರೆ ಹತ್ತು ಪಾಲಿನಲ್ಲಿ ಒಂದು ಪಾಲು ಕಳೆದು, ಉಳಿದ ಒಂಬತ್ತು ಪಾಲು ಸೇರಿ 3. ಒಂದು ಪಾಲು 3/9, ಅಂದರೆ 1/3.

ಜಮೀನು ಭಾಗ ಮಾಡುವಾಗ 1/3 ಅಂತಲೇ ಬರೆಯಬೇಕು. ಸುಮ್ನೆ 0.33 ಅಂತ ಬರೆದರೆ ಮೂರು ಪಾಲು ಸೇರಿ 0.99 ಎಕರೆ. 435 ಚದರ ಅಡಿಗಿಂತ ಜಾಸ್ತಿ ನೆಲ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.